ಒಂದು ಹೆಣ, ಎರಡು ಕುಣಿ

ಬಾವಿ ತೋಡುವ ಇಸಾಕಪ್ಪ ಎದೆಮಟ್ಟಕ್ಕಿಂತ ಆಳಕ್ಕೆ ಇಳಿಯುತ್ತಿರಲಿಲ್ಲ. ಆ ಕಸುಬಿನವರಿಗೆ ಇಂಥ ನೇಮ ಹೊಂದುವಂಥದ್ದಲ್ಲ. ಆದರೂ ಬಬಲೇಶ್ವರದಲ್ಲಿ, ತಿಕೋಟಾದಲ್ಲಿ ಅವರನ್ನು ಬಲ್ಲವರೆಲ್ಲ ಮೊದಲು ಹೇಳಿದ ಸಂಗತಿ ಇದೇ. ಹೇಳುವಾಗ ಯಾರೂ ನಗಲಿಲ್ಲ.

೧೯೩೧ರ ಬೇಸಿಗೆಯಲ್ಲಿ ತಿಕೋಟಾದ ಒಂದು ಹೊಲದಲ್ಲಿ ಅರ್ಧ ತೋಡಿದ್ದ ಬಾವಿಯ ದಂಡೆ ಕುಸಿಯಿತು. ಕೆಳಗಿದ್ದವರು ಇಬ್ಬರು. ಒಬ್ಬನ ಹೆಣವನ್ನು ಸಂಜೆಗೆ ಹೊರತೆಗೆದರು. ಇಸಾಕಪ್ಪ ಗದ್ದದವರೆಗೆ ಮಣ್ಣಿನಲ್ಲಿ ಹೂತು, ಕೈಗಳೂ ಒಳಗೇ ಸಿಕ್ಕಿಕೊಂಡು, ಎರಡು ತಾಸು ನಿಂತಿದ್ದರು. ಮುಂದೆ ಎಂದೋ ಒಮ್ಮೆ ಮಗಳು ಎಸ್ತೇರವ್ವನ ಮುಂದೆ ಅದನ್ನು ಹೀಗೆ ಹೇಳಿದರಂತೆ: "ಮಣ್ಣು ಎದಿ ಮ್ಯಾಲೆ ಕುಂತ್ರ ಉಸರು ಹೊರಗ ಅಷ್ಟ ಹೋಗತೈತಿ ಬೇ, ಒಳಗ ಬರೂದಿಲ್ಲ." ಆ ದಿನದಿಂದ ಬಾವಿಯ ಮೇಲಿನ ಪಾಲನ್ನಷ್ಟೇ ಅವರು ತೋಡಿದರು, ಆಳಕ್ಕೆ ಬೇರೆಯವರು ಇಳಿದರು. ಕ್ರೈಸ್ತ ಸಭೆಯಲ್ಲಿ ಯಾರಾದರೂ ತೀರಿಕೊಂಡರೆ ಕುಣಿ ತೋಡುವ ಕೆಲಸ ಅವರದೇ. ಅದಕ್ಕೆ ಅಡ್ಡಿಯಿರಲಿಲ್ಲ. ಹೆಣವನ್ನು ಮಲಗಿಸುವ ಉದ್ದನೆಯ ಕುಣಿ ನಾಲ್ಕು ಅಡಿಗಿಂತ ಆಳವಿರುತ್ತಿರಲಿಲ್ಲ. ಅದರಲ್ಲಿ ನಿಂತರೆ ಎದೆಯೂ ತಲೆಯೂ ಗಾಳಿಯಲ್ಲೇ ಉಳಿಯುತ್ತಿದ್ದವು.

ಈ ವೃತ್ತಾಂತಕ್ಕೆ ಆಧಾರ ಮೂರು. ವಿಜಯಪುರದ ಜೋರಾಪುರ ಪೇಟೆಯಲ್ಲಿ ನೆಲೆಸಿದ್ದ ಎಸ್ತೇರವ್ವ ಮೂರು ಬೈಠಕ್‌ಗಳಲ್ಲಿ ಹೇಳಿದ್ದು ಮೊದಲನೆಯದು. ಬಬಲೇಶ್ವರದ ಮುಸಲ್ಮಾನರ ಕಬರಸ್ತಾನದಲ್ಲಿ ಕುಣಿ ತೋಡುತ್ತಿದ್ದ ಲಾಡಲೇಸಾಬರು ತಮ್ಮ ಕೊನೆಯ ವರ್ಷದಲ್ಲಿ ಹೇಳಿದ್ದು ಎರಡನೆಯದು. ಮೂರನೆಯದು, ವಿಜಯಪುರದಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಪಾದ್ರಿಯ ಕೈಬರಹದ ನೋಂದಣಿ ಪುಸ್ತಕ. ಇವು ಒಂದಕ್ಕೊಂದು ಕೂಡದ ಕಡೆ ಹಾಗೆಂದು ಹೇಳಿದ್ದೇನೆ.

ಇಸಾಕಪ್ಪ ಹುಟ್ಟಿದ್ದು ಎಲ್ಲಿ, ಯಾರಿಗೆ ಎಂಬುದು ಯಾರಿಗೂ ತಿಳಿಯದು. ೧೯೦೪ರ ಸುಮಾರಿಗೆ ವಿಜಯಪುರದ ಒಂದು ಅನಾಥಾಶ್ರಮದ ಬಾಗಿಲಲ್ಲಿ ಸಿಕ್ಕ ಕೂಸು. ಹೆಸರು ಕೊಟ್ಟವರು ಆಶ್ರಮದವರು. ಊರಿನಲ್ಲಿ ಹೊಸಬರು ಕೇಳುವ ಮೊದಲ ಪ್ರಶ್ನೆಗೆ, ಯಾವೂರು, ಯಾರ ಪೈಕಿ ಎಂಬುದಕ್ಕೆ, ಅವರ ಬಳಿ ಉತ್ತರವಿರಲಿಲ್ಲ. ಮದುವೆಯಾಗಿ ಬಬಲೇಶ್ವರಕ್ಕೆ ಬಂದು ಪ್ರಾರ್ಥನಾ ಮಂದಿರದ ಹಿಂದಿನ ಖೋಲಿಯಲ್ಲಿ ನೆಲೆ ನಿಂತರು. ಹೆಂಡತಿ ಬೇಗ ತೀರಿಕೊಂಡಳು. ಉಳಿದದ್ದು ಮಗಳು ಮತ್ತು ಸಭೆ. ಬಬಲೇಶ್ವರದ ಐದು ಮನೆ, ತಿಕೋಟಾದ ನಾಲ್ಕು ಮನೆ ಸೇರಿ ಒಂಬತ್ತು ಮನೆಗಳ ಸಭೆ. ಬೇರೆಯವರಿಗೆ ಅದು ಪ್ರಾರ್ಥನೆಯ ಕೂಟ. ಇಸಾಕಪ್ಪನವರಿಗೆ ಕಾಕಾ, ಅಣ್ಣ, ವೈನಿಯೆನ್ನುವ ಅತ್ತಿಗೆ, ಅಳಿಯ, ಬೀಗ ಎಲ್ಲ ಆ ಒಂಬತ್ತು ಮನೆಗಳಲ್ಲೇ ಇದ್ದರು. ಅದು ಒಡೆದರೆ ತಾನು ಯಾವ ಹೋಳಿನವನು ಎಂಬ ಪ್ರಶ್ನೆ ಅವರನ್ನು ಬಾವಿಯ ಮಣ್ಣಿನಷ್ಟೇ ಹೆದರಿಸುತ್ತಿತ್ತು.

ಸಭೆಗೆ ಹಿರಿಯರಾಗಿದ್ದವರು ತಿಕೋಟಾದ ತುಕಾರಾಮ. ಅವರ ತಂದೆಯ ಮನೆ ಕನಮಡಿಯಲ್ಲಿ. ಇಪ್ಪತ್ತನೆಯ ವಯಸ್ಸಿನಲ್ಲಿ ದೀಕ್ಷಾಸ್ನಾನ ಪಡೆದಾಗ ತಂದೆ, ಮಗ ಬದುಕಿರುವಾಗಲೇ, ಅವನ ಹೆಸರಿನಲ್ಲಿ ಪಿಂಡ ಇಡಿಸಿದ್ದರು. ತಾನು ಎಲ್ಲವನ್ನೂ ಬಿಟ್ಟು ಬಂದೆ, ಉಳಿದವರೂ ಹಾಗೆಯೇ ಬಿಡಬೇಕು ಎಂಬುದು ತುಕಾರಾಮರ ನಿಲುವು. ಪಾದ್ರಿ ಬಾರದ ಭಾನುವಾರಗಳಲ್ಲಿ ತಿಕೋಟಾದಿಂದ ಚಕ್ಕಡಿ ಹೂಡಿಕೊಂಡು ಬಂದು ಪ್ರಾರ್ಥನೆ ನಡೆಸುತ್ತಿದ್ದವರೂ ಅವರೇ. ಕಠಿಣರು, ಆದರೆ ಯಾರ ಮನೆಯಲ್ಲಿ ಜ್ವರವಿದ್ದರೂ ಮೊದಲು ಹೋಗಿ ಕೂಡುತ್ತಿದ್ದವರು ಎಂದು ಎಸ್ತೇರವ್ವ ತಪ್ಪದೆ ಸೇರಿಸಿದರು.

ಜಗಳ ಹುಟ್ಟಿದ್ದು ಶಿವಯೋಗೆಪ್ಪ ಎಂಬ ಮುದುಕರ ಒಂದು ಕೋರಿಕೆಯಿಂದ. ಅವರು ಬಬಲೇಶ್ವರದ ಲಿಂಗಾಯತ ಮನೆತನದಲ್ಲಿ ಹುಟ್ಟಿ, ನಡುವಯಸ್ಸಿನಲ್ಲಿ ಹೆಂಡತಿ ಗೌರಾಬಾಯಿಯ ಜೊತೆ ಕ್ರೈಸ್ತರಾಗಿದ್ದರು. ಹೆಸರು ಬದಲಿಸಿಕೊಂಡಿರಲಿಲ್ಲ. ಹದಿನಾಲ್ಕು ವರ್ಷಗಳಿಂದ ದಮ್ಮಿನ ಬೇನೆ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹತ್ತಿ ತುಂಬಿದ ಒಂದು ಗೋಣಿಚೀಲವನ್ನು ಬೆನ್ನಿಗೆ ಕೊಟ್ಟುಕೊಂಡು, ಗೋಡೆಗೊರಗಿ ಕುಳಿತೇ ನಿದ್ದೆ ಮಾಡುತ್ತಿದ್ದರು. ೧೯೪೪ರ ಏಪ್ರಿಲಿನಲ್ಲಿ ಬೇನೆ ಹೆಚ್ಚಾಯಿತು. ನೋಡಲು ಹೋದ ಇಸಾಕಪ್ಪನವರನ್ನು ಹತ್ತಿರ ಕರೆದರು.

"ಇಸಾಕ, ನನ್ನ ಕುಂದರಿಸಿ ಮಣ್ಣ ಮಾಡು. ಮಲಗಿಸಬ್ಯಾಡ."

"ಸತ್ತ ಮ್ಯಾಲೆ ದಮ್ಮು ಎಲ್ಲಿಂದ ಬರತೈತ್ರಿ ಅಣ್ಣಾರ?"

"ನಿನಗೇನ ಗೊತ್ತು? ನೀ ಸತ್ತು ನೋಡೀಯೇನು?" ಮುದುಕರು ನಗಲು ಹೋಗಿ ಕೆಮ್ಮಿದರು. "ಮತ್ತ ಕಡೀ ದಿನ ಕರ್ತ ಬಂದು ಸತ್ತವರನ್ನ ಕರದಾಗ ಕುಂತಾಂವ ಲಗೂನ ಏಳತಾನ. ಮಲಗಿದಾಂವ ಮೊದಲ ತನ್ನ ಮೊಣಕಾಲ ಎಲ್ಲಿ ಅದಾವ ಅಂತ ಹುಡುಕಬೇಕು."

ಒಳಗಿನಿಂದ ಗೌರಾಬಾಯಿ ಅಂದರು: "ಅಲ್ಲಿ ಮೊದಲ ಏಳಾಕ ಏನ್ ಅವಸರ ನೋಡು! ಇಲ್ಲಿ ಎಂದರ ಹೊತ್ತು ಹುಟ್ಟೂಕಿಂತ ಮುಂಚೆ ಎದ್ದೀರೇನ್ರಿ?"

ಮುದುಕರು ಆ ಮೇಲೆ ನಗಲಿಲ್ಲ. ಇಸಾಕಪ್ಪನವರ ಮುಂಗೈ ಹಿಡಿದು, "ಎದಿ ಮ್ಯಾಲೆ ಮಣ್ಣು ಬೀಳೂದು ಹೆಂಗಿರತೈತಿ ಅನ್ನೂದು ಈ ಊರಾಗ ನಿನಗೊಬ್ಬನಿಗೆ ಗೊತ್ತೈತೋ ತಮ್ಮಾ" ಅಂದರು. ಇಸಾಕಪ್ಪ ಆಗಲಿ ಎಂಬಂತೆ ತಲೆಯಾಡಿಸಿದರು. ಅದನ್ನು ಗೌರಾಬಾಯಿ ಬಾಗಿಲಲ್ಲಿ ನಿಂತು ನೋಡಿದ್ದರು.

ಕುಳ್ಳಿರಿಸಿ ಹೂಳುವುದು ಈ ಭಾಗದ ಲಿಂಗಾಯತರ ಪದ್ಧತಿ. ಆಳವಾದ ಕುಣಿ ತೋಡಿ, ಅದರ ಒಂದು ಗೋಡೆಯಲ್ಲಿ ಗೂಡು ಕೊರೆದು, ಹೆಣವನ್ನು ಆ ಗೂಡಿನಲ್ಲಿ ಕೂಡಿಸುತ್ತಾರೆ. ಮುದುಕರ ಕೋರಿಕೆ ಉಸಿರಿನ ಭಯದಿಂದ ಹುಟ್ಟಿದ್ದು. ಆದರೆ ಹೊರಗಿನ ಕಣ್ಣಿಗೆ ಅದು ಹಳೆಯ ಮತಕ್ಕೆ ಮರಳಿದಂತೆ ಕಾಣುತ್ತಿತ್ತು. ಅವರ ದಾಯಾದಿಗಳು ಕಟ್ಟೆಯ ಮೇಲೆ ಕೂತು, ನಮ್ಮವ ಕಡೆಗೆ ನಮ್ಮ ಪದ್ಧತಿಗೇ ಬಂದ ಎಂದು ಆಡಿಕೊಂಡದ್ದು ತಿಕೋಟಾಕ್ಕೂ ಮುಟ್ಟಿತು. ಮುಂದಿನ ಭಾನುವಾರ ತುಕಾರಾಮ ಎಲ್ಲರೆದುರು ಹೇಳಿದರು: "ಬಿಟ್ಟ ಮ್ಯಾಲೆ ಬಿಟ್ಟಂಗ. ಕುಣ್ಯಾಗ ಇಳಿಯೂ ಮುಂದ ಮತ್ತ ಎತ್ತಿಕೊಳ್ಳೂದು ಅಂದ್ರ ಏನು?" ಬಬಲೇಶ್ವರದವರು ಮರುಮಾತು ಕೊಟ್ಟರು. ಸಾಯುವವನ ಮಾತು ನಡೆಸದಿದ್ದರೆ ನಾವು ನಿಮ್ಮ ಜೊತೆ ಕೂಡುವುದಿಲ್ಲ ಎಂದರು. ಮಂದಿರದ ಗಂಟೆ ಬಾರಿಸುವುದೂ ಇಸಾಕಪ್ಪನವರ ಕೆಲಸ; ಅವರು ಬಾಗಿಲ ಬಳಿ ಅದರ ಹಗ್ಗ ಹಿಡಿದು ನಿಂತಿದ್ದರು. ಯಾರೂ ಅವರನ್ನು ಕೇಳಲಿಲ್ಲ. ತನ್ನನ್ನು ಕೇಳದಿರಲಿ ಎಂದೇ ಅವರು ಪ್ರಾರ್ಥಿಸುತ್ತಿದ್ದರು.

ಮೇ ತಿಂಗಳ ಮೊದಲ ಗುರುವಾರ ಬೆಳಗಿನ ಹೊತ್ತಿಗೆ ಶಿವಯೋಗೆಪ್ಪ ತೀರಿಕೊಂಡರು. ಕುಳಿತಲ್ಲೇ. ಆ ಬಿಸಿಲಿನಲ್ಲಿ ಹೆಣವನ್ನು ಮರುದಿನಕ್ಕೆ ಇಡುವಂತಿರಲಿಲ್ಲ. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಿಂದ ಓಡುತ್ತಿದ್ದ ಮೋಟಾರು ಆ ವಾರ ಕೆಟ್ಟು ನಿಂತಿತ್ತು, ಪಾದ್ರಿಗೆ ಸುದ್ದಿ ಮುಟ್ಟಿಸುವ ದಾರಿಯಿರಲಿಲ್ಲ. ಬರುವ ಭಾನುವಾರ ಪಾದ್ರಿ ಹೇಗಾದರೂ ಬಂದು, ಸಭೆಯವರೆಲ್ಲ ಒಂದೇ ತಟ್ಟೆಯ ರೊಟ್ಟಿ ಹಂಚಿಕೊಳ್ಳುವ ಕರ್ತನ ಭೋಜನ ನಡೆಸುವುದೆಂದು ಗೊತ್ತಾಗಿತ್ತು. ಅಲ್ಲಿಯವರೆಗೆ ತೀರ್ಮಾನಿಸಲು ಯಾರೂ ಇಲ್ಲ.

ಸೈಕಲ್ಲಿನ ಮೇಲೆ ತಿಕೋಟಾಕ್ಕೆ ಹೋದ ಟಪಾಲಿನವನು ಹತ್ತು ಗಂಟೆಗೆ ತುಕಾರಾಮರ ಮಾತು ತಂದ. ಉದ್ದನೆಯ ಕುಣಿಯಾದರೆ ನಾಲ್ಕೂ ಮನೆಯವರು ಬರುತ್ತೇವೆ. ಗೂಡಿನ ಕುಣಿಯಾದರೆ ಮಣ್ಣಿಗೂ ಬರುವುದಿಲ್ಲ, ಭಾನುವಾರದ ಭೋಜನಕ್ಕೂ ಬರುವುದಿಲ್ಲ. ಇನ್ನು ಮುಂದೆ ತಿಕೋಟಾದಲ್ಲೇ ಬೇರೆ ಕೂಡುತ್ತೇವೆ. ಅಷ್ಟರಲ್ಲಾಗಲೇ ಇಸಾಕಪ್ಪ ಊರ ಹೊರಗಿನ ಮಡ್ಡಿಯ ಬರಡು ದಿಬ್ಬದ ಮೇಲೆ, ಸಭೆಯ ಸ್ಮಶಾನದಲ್ಲಿ, ಉದ್ದನೆಯ ಕುಣಿಯನ್ನು ಮೊಣಕಾಲುದ್ದ ತೋಡಿದ್ದರು. ಯಾರೂ ಹಾಗೆ ಹೇಳಿರಲಿಲ್ಲ. ಕೈ ರೂಢಿಯಂತೆ ನಡೆದಿತ್ತು, ಅಥವಾ ಭಯದಂತೆ. "ಉದ್ದಂದನ್ನ ತೋಡಾಕತ್ತೇನಿ ಅಂತ ಹೇಳು" ಎಂದು ಟಪಾಲಿನವನನ್ನು ತಿರುಗಿ ಕಳಿಸಿದರು. ಆ ಹೊತ್ತಿಗೆ ಅದು ನಿಜವಾಗಿತ್ತು.

ಮಧ್ಯಾಹ್ನ ಲಾಡಲೇಸಾಬರು ಒಂದು ಗೋಣಿಚೀಲ ಹೊತ್ತು ಬಂದರು. ಇಬ್ಬರೂ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಆಗುತ್ತಿದ್ದರು. ಭುಜದ ಬೇನೆಯಿಂದ ಲಾಡಲೇಸಾಬರಿಗೆ ಆಗ ಗುದ್ದಲಿ ಎತ್ತಲಾಗುತ್ತಿರಲಿಲ್ಲ.

"ಗೌರಾಬಾಯಿ ಕೊಟ್ಟಾರ. ಅವರ ಬೆನ್ನಿಗೆ ಇಡಬೇಕಂತ," ಎಂದರು. ಹತ್ತಿ ತುಂಬಿದ ಅದೇ ಚೀಲ. ನಡುವೆ ಒಬ್ಬ ಮನುಷ್ಯನ ಬೆನ್ನಿನಷ್ಟು ತಗ್ಗು ಬಿದ್ದಿತ್ತು.

ಇಸಾಕಪ್ಪ ಚೀಲ ನೋಡಿದರು, ಕುಣಿ ನೋಡಿದರು. ಎದೆಮಟ್ಟಕ್ಕೆ ತೋಡಿ ಮುಗಿದಿದ್ದ ಕುಣಿಯಲ್ಲಿ ಬೆನ್ನಿಗೆ ಚೀಲ ಇಡುವ ಜಾಗವೇ ಇರಲಿಲ್ಲ. ಅವರು ಮೇಲೆ ಹತ್ತಿ, ನಾಲ್ಕು ಹೆಜ್ಜೆ ಆಚೆ ಹೋಗಿ, ಹೊಸ ನೆಲಕ್ಕೆ ಹಾರೆ ಹಾಕಿದರು.

"ಏ, ಏನ ಮಾಡಾಕತ್ತೀ?"

"ಇನ್ನೊಂದು."

"ಹಂಗಾದ್ರ ಮೊದಲ ಅದನ್ನ ಮುಚ್ಚೋ. ತೆರದ ಕುಣಿ ಬಿಡಬಾರದು."

"ಹೊತ್ತಿಲ್ಲ ಲಾಡಲೇ. ಎರಡೂ ಇರ್ಲಿ. ಅವರ ಬಂದು ಯಾವುದು ಬೇಕೋ ಅದನ್ನ ತಗೋಳ್ಳಿ."

ಗೆಳೆಯನ ತಪ್ಪು ಎಲ್ಲಿತ್ತೆಂದು ಲಾಡಲೇಸಾಬರಿಗೆ ಆಗಲೇ ತಿಳಿದಿತ್ತು. ಆಯ್ಕೆ ತನ್ನದಾಗಬಾರದು ಎಂಬುದಕ್ಕಾಗಿ ಇಸಾಕಪ್ಪ ಎರಡು ಕುಣಿ ತೋಡುತ್ತಿದ್ದರು.

ಗೂಡಿನ ಕುಣಿ ಎದೆಮಟ್ಟಕ್ಕೆ ನಿಲ್ಲುವುದಿಲ್ಲ. ಮೂರು ಗಂಟೆಯ ಹೊತ್ತಿಗೆ ಇಸಾಕಪ್ಪನವರ ತಲೆ ನೆಲದಿಂದ ಕೆಳಗಾಯಿತು. ಹದಿಮೂರು ವರ್ಷಗಳಲ್ಲಿ ಅದೇ ಮೊದಲು. ಸೊಂಟಕ್ಕೆ ಬಾವಿಯ ಹಗ್ಗ ಕಟ್ಟಿಕೊಂಡಿದ್ದರು. ಅದರ ತುದಿ ಲಾಡಲೇಸಾಬರ ಸರಿಯಿದ್ದ ಕೈಯಲ್ಲಿತ್ತು. ಕೆಳಗಿನಿಂದ ಕಾಣುತ್ತಿದ್ದದ್ದು ಚೌಕಾಕಾರದ ಆಕಾಶ ಮತ್ತು ಗೆಳೆಯನ ಗಡ್ಡ. ಗೂಡು ಕೊರೆಯಬೇಕಾದರೆ ಮಂಡಿಯೂರಿ, ತಲೆಯನ್ನೂ ಭುಜವನ್ನೂ ಗೋಡೆಯೊಳಗೆ ತೂರಿಸಬೇಕು. ಮೇಲಿನ ಮಣ್ಣೆಲ್ಲ ಕತ್ತಿನ ಹಿಂಭಾಗದ ಮೇಲೆ ತೂಗುತ್ತದೆ. ಗರಸು ಮಣ್ಣು ಹಿಡಿಯಷ್ಟು ಉದುರಿದರೂ ಅವರು ಹಿಂದಕ್ಕೆ ಜಿಗಿದು ಹಗ್ಗ ಜಗ್ಗುತ್ತಿದ್ದರು.

"ಮಾತಾಡೋ ಲಾಡಲೇ," ಎಂದು ಕೆಳಗಿನಿಂದ ಕೂಗಿದರು. "ನಿನ್ನ ದನಿ ನಿಂತ್ರ ನನಗ ಉಸರ ನಿಲ್ಲತೈತಿ."

"ಏನ ಮಾತಾಡ್ಲಿ?"

"ಏನರ ಆಡು."

"ಕೇಳ ಹಂಗಾದ್ರ. ನಮ್ಮ ಮಂದಿ ಮಲಗತಾರ. ಶಿವಯೋಗೆಪ್ಪನ ಅಣ್ತಮ್ಮರ ಮಂದಿ ಕುಂದರತಾರ. ನಿಮ್ಮ ಮಂದಿ ಅಷ್ಟ ಇನ್ನೂ ನಿಂತು ಜಗಳಾಡತಾರ."

ಕೆಳಗಿನಿಂದ ನಗು ಬರಲಿಲ್ಲ. ಹಾರೆಯ ಸದ್ದು ಬಂತು. ಲಾಡಲೇಸಾಬರು ಒಂದೂವರೆ ತಾಸು ಬಿಡದೆ ಮಾತಾಡಿದರು. ತಮ್ಮ ಮದುವೆಯ ಕಥೆ, ಸತ್ತುಹೋದ ಎತ್ತಿನ ಕಥೆ, ವಿಜಯಪುರದ ಗೋಳಗುಮ್ಮಟದೊಳಗೆ ಒಮ್ಮೆ ಸೀನಿ ಏಳು ಸಲ ಕೇಳಿಸಿಕೊಂಡ ಕಥೆ. ಗೂಡು ಮುಗಿದು ಇಸಾಕಪ್ಪನವರನ್ನು ಮೇಲಕ್ಕೆ ಎಳೆದಾಗ ಅವರ ಪಂಚೆ ಒದ್ದೆಯಾಗಿತ್ತು. ಲಾಡಲೇಸಾಬರು ಅದನ್ನು ಬೆವರು ಎಂದರು. ಎಸ್ತೇರವ್ವ ಬೆವರಲ್ಲ ಎಂದರು. ತಂದೆ ತಾನೇ ಒಪ್ಪಿಕೊಂಡಿದ್ದರಂತೆ.

ಉದ್ದನೆಯ ಕುಣಿಯನ್ನು ಮುಚ್ಚಲು ಹೊತ್ತು ಉಳಿಯಲಿಲ್ಲ. ಅಷ್ಟರಲ್ಲೇ ಹೆಣ ಬಂತು. ಒಂಬತ್ತೂ ಮನೆಯವರು ಹಾಡು ಹೇಳುತ್ತ ಮಡ್ಡಿ ಏರಿದರು. ಮುಂದಿದ್ದ ತುಕಾರಾಮ ಉದ್ದನೆಯ ಕುಣಿಯನ್ನು ಕಂಡು ತಲೆಯಾಡಿಸಿ ಸಮಾಧಾನಪಟ್ಟರು. ಮತ್ತೆ ನಾಲ್ಕು ಹೆಜ್ಜೆ ಇಟ್ಟವರು ನಿಂತರು. ಹಾಡು ಸಾಲಿನ ನಡುವೆ ಕಡಿಯಿತು.

"ಇದು ಯಾರಿಗೆ?"

ಇಸಾಕಪ್ಪ ಸೊಂಟದ ಹಗ್ಗ ಬಿಚ್ಚತೊಡಗಿದರು.

ತೋಡಿದ ಕುಣಿ ಖಾಲಿ ಉಳಿದರೆ ಅದು ವರ್ಷದೊಳಗೆ ಒಬ್ಬರನ್ನು ಕೇಳುತ್ತದೆ ಎಂಬ ನಂಬಿಕೆ ಆ ಭಾಗದ ಎಲ್ಲ ಜನರಲ್ಲೂ ಇತ್ತು. ಸಭೆಯವರು ಅದನ್ನು ನಂಬುವುದಿಲ್ಲ ಎಂದು ಹೇಳಬೇಕಾದವರು. ಆದರೆ ಆ ಸಂಜೆ, ಎಸ್ತೇರವ್ವ ಹೇಳುವಂತೆ, ಪ್ರತಿಯೊಬ್ಬರೂ ತಮ್ಮ ಮನೆಯವರನ್ನು ಎಣಿಸುತ್ತಿದ್ದರು. ಕೆಮ್ಮುವ ಅತ್ತೆ, ದಡಾರವೆದ್ದ ಕೂಸು, ಸೈನ್ಯಕ್ಕೆ ಹೋದ ತಮ್ಮ. ತುಕಾರಾಮರ ಮಗಳು ಚೊಚ್ಚಲ ಹೆರಿಗೆಗೆ ತಿಕೋಟಾದ ತವರಿಗೆ ಬಂದಿದ್ದಳು, ದಿನ ತುಂಬಿತ್ತು. ಆಗ ಹನ್ನೆರಡು ವರ್ಷದವರಾಗಿದ್ದ ಎಸ್ತೇರವ್ವ ತಂದೆ ತನ್ನ ಕಡೆ ನೋಡಿದ್ದನ್ನು ಕಂಡರು. ತಂದೆಯೂ ಎಣಿಸುತ್ತಿದ್ದರು.

ಮೊದಲು ಬಾಯಿಬಿಟ್ಟವಳು ಬಬಲೇಶ್ವರದ ಮುದುಕಿ ಸಾರವ್ವ. "ಒಂದು ಕೋಳಿ ಆದ್ರೂ ಕೊಯ್ದು ಒಗೀರಿ ಅದರಾಗ. ಖಾಲಿ ಮುಚ್ಚಬ್ಯಾಡ್ರಿ."

ಎಲ್ಲರೂ ಹಿರಿಯರ ಕಡೆ ನೋಡಿದರು. ಗೂಡಿನ ಕುಣಿಯನ್ನು ಹಳೆಯ ಮತವೆಂದು ಹಳಿದಿದ್ದ ತುಕಾರಾಮ ಈಗ ಬೇಡವೆನ್ನಬೇಕಿತ್ತು. ಅವರು ಅನ್ನಲಿಲ್ಲ. ಎಸ್ತೇರವ್ವನಿಗೆ ನೆನಪಿರುವುದು ಆ ಹೊತ್ತು ಎಷ್ಟು ಉದ್ದವಾಗಿತ್ತು ಎಂಬುದೇ.

ಗೌರಾಬಾಯಿ ಹೆಣದ ಪಕ್ಕದಿಂದ ಎದ್ದರು. "ಯಾಕ್ರಿ ಹಿರಿಯಾರ, ಸುಮ್ಮಕಾದ್ರಿ? ನನ್ನ ಗಂಡ ಕುಂತ್ರ ಅದು ಹಿಂದಿನ ಮತ. ನೀವು ಕೋಳಿ ಒಗದ್ರ ಅದು ಯಾವ ಮತರಿ?"

ತುಕಾರಾಮರ ಮುಖ ಕಪ್ಪಿಟ್ಟಿತು. ಬಬಲೇಶ್ವರದವರಲ್ಲಿ ಒಬ್ಬರು ನಕ್ಕರು. ತಿಕೋಟಾದವರಲ್ಲಿ ಒಬ್ಬರು ತೋಳೇರಿಸಿದರು. ಸಭೆ ಒಡೆಯುವುದಿದ್ದರೆ ಆ ಕ್ಷಣದಲ್ಲೇ ಒಡೆಯಬೇಕಿತ್ತು. ಗೌರಾಬಾಯಿಯೂ ಅದನ್ನು ಕಂಡರು. ಅವರ ದನಿ ಇಳಿಯಿತು.

"ಚುಚ್ಚಾಕ ಅಂದದ್ದಲ್ರಿ. ನನಗೂ ಅಂಜಿಕಿ ಐತಿ. ಅವರಿಗೂ ಇತ್ತು. ಮಲಗಿದ್ರ ಉಸರ ಕಟ್ಟತೈತಿ ಅಂತ ಅಂಜಿ ಬೇಡಿಕೊಂಡ್ರು, ಲಿಂಗ ಬೇಕು ಅಂತಲ್ಲ. ಸತ್ತವರಿಗೆ ಉಸರೆಲ್ಲಿದು ಅಂತ ನನಗೂ ಗೊತ್ತೈತಿ." ಅವರು ಉದ್ದನೆಯ ಕುಣಿಯ ಕಡೆ ಕೈ ತೋರಿಸಿದರು. "ಹೋಗ್ಲಿ, ಅದರಾಗ ಮಲಗಸ್ರಿ. ಈ ಒಂದ ಮಾತಿಗೆ ಒಂಬತ್ತ ಮನಿ ಒಡೀಬ್ಯಾಡ್ರಿ. ಅವರ ಬದಕಿದ್ರ ಇದನ್ನ ಅಂತಿದ್ರು."

ಎರಡರಲ್ಲಿ ಯಾವುದನ್ನು ಆರಿಸಿದರೂ ಒಂದು ಕುಣಿ ಖಾಲಿ ಉಳಿಯುತ್ತಿತ್ತು. ಇಸಾಕಪ್ಪನವರಿಗೆ ತಾನು ಮಾಡಿದ್ದೇನು ಎಂಬುದು ಆಗ ಪೂರ್ತಿ ಹೊಳೆಯಿತು. ಯಾರ ಪಕ್ಷವನ್ನೂ ಹಿಡಿಯದಿರಲು ಹೋಗಿ ಎರಡೂ ಪಕ್ಷದ ಮನೆಗಳ ಮುಂದೆ ಸಾವನ್ನು ತೋಡಿಟ್ಟಿದ್ದರು. ಅವರು ಮುಂದೆ ಬಂದು ಉದ್ದನೆಯ ಕುಣಿಯೊಳಗೆ ಇಳಿದರು.

"ಇದನ್ನ ತೋಡಿದಾಂವ ನಾ. ಇದು ಯಾರನ್ನರ ಕೇಳೂದಿದ್ರ ನನ್ನ ಕೇಳ್ಲಿ," ಎಂದರು. "ಕೋಳಿ ಬ್ಯಾಡ. ಅಣ್ಣಾರಿಗೆ ನಾ ತಲಿ ಹಾಕಿ ಒಪ್ಪಿಕೊಂಡೀನ್ರಿ ಹಿರಿಯಾರ, ಕುಂದರಿಸೇನಿ ಅಂತ. ಅದನ್ನ ಮುಂಜಾನೆ ನಿಮಗ ಹೇಳಬೇಕಿತ್ತು. ಅಂಜಿ ಹೇಳಲಿಲ್ಲ."

ತುಕಾರಾಮ ಕುಣಿಯ ಅಂಚಿಗೆ ಬಂದು ನಿಂತರು. ಬೈಯುತ್ತಾರೆಂದು ಎಲ್ಲರೂ ತಿಳಿದರು. ಅವರು ಚಪ್ಪಲಿ ಕಳಚಿ, ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಇಸಾಕಪ್ಪನವರ ಪಕ್ಕಕ್ಕೆ ಇಳಿದರು. ಒಬ್ಬನಿಗೆಂದು ತೋಡಿದ ಜಾಗದಲ್ಲಿ ಇಬ್ಬರೂ ಎದುರುಬದುರು ನಿಲ್ಲಲು ಆಗದೆ ಹೆಗಲಿಗೆ ಹೆಗಲು ಹಚ್ಚಿ ನಿಂತರು. ತಿಕೋಟಾದ ಹೆಂಗಸೊಬ್ಬರು ಬಾಯಿಗೆ ಸೆರಗು ಹಚ್ಚಿಕೊಂಡು, "ಮಗಳು ದಿನ ತುಂಬಿ ಕುಂತಾಳ, ಯಪ್ಪಾ ನೀವು ಇಳೀಬ್ಯಾಡ್ರಿ" ಎಂದು ಕೂಗಿದರು.

"ಅದಕ್ಕ ಇಳದೀನಿ," ಎಂದರು ತುಕಾರಾಮ.

ಅವರು ಅಲ್ಲಿಯೇ ನಿಂತು ಕರ್ತನ ಪ್ರಾರ್ಥನೆ ಆರಂಭಿಸಿದರು. ಮೊದಲ ಸಾಲಿಗೆ ಇಬ್ಬರದೇ ದನಿ. ಮೂರನೆಯ ಸಾಲಿಗೆ ಒಂಬತ್ತೂ ಮನೆಯವರ ದನಿ ಕೂಡಿತು. ಮುಗಿದ ಮೇಲೆ ತುಕಾರಾಮ ಗೌರಾಬಾಯಿಯ ಕಡೆ ತಿರುಗಿದರು.

"ಕೇಳ್ರಿ ವೈನಿ. ಕುಂದರಿಸೂದು ನನಗ ಒಪ್ಪಿಗಿಲ್ಲ. ಇವತ್ತೂ ಇಲ್ಲ, ನಾಳೆನೂ ಇಲ್ಲ. ಆದ್ರ ಅದಕ್ಕಾಗಿ ನಿಮ್ಮನ್ನ ಬಿಡೂದೂ ನನಗ ಆಗೂದಿಲ್ಲ. ಅಣ್ಣನ ಮಾತು ನಡೀಲಿ. ಹಗ್ಗ ನಾ ಹಿಡೀತೀನಿ."

ಶಿವಯೋಗೆಪ್ಪನವರನ್ನು ಗೂಡಿನಲ್ಲಿ ಕೂಡಿಸಿದರು. ಕೆಳಗಿಳಿದು ಬೆನ್ನಿಗೆ ಗೋಣಿಚೀಲ ಕೊಟ್ಟವರು ಇಸಾಕಪ್ಪ. ಮೇಲಿನಿಂದ ಹಗ್ಗ ಹಿಡಿದವರು ತುಕಾರಾಮ. ಆಮೇಲೆ ಎರಡೂ ಕುಣಿಗಳನ್ನು ಎಲ್ಲರೂ ಸೇರಿ ಮುಚ್ಚಿದರು. ಖಾಲಿ ಕುಣಿಗೆ ಮಣ್ಣು ಹಾಕುವಾಗ ಯಾರೂ ಅದರೊಳಗೆ ನೋಡಲಿಲ್ಲ.

ಭಯ ಅಲ್ಲಿಗೆ ಮುಗಿಯಲಿಲ್ಲ. ಶುಕ್ರವಾರ, ಶನಿವಾರ ಇಸಾಕಪ್ಪ ಊಟ ಮಾಡಲಿಲ್ಲ. ಹೆರಿಗೆಯಲ್ಲಿ ಮಗಳಿಗೆ ಏನಾದರೂ ಆದರೆ ತುಕಾರಾಮ ಆ ಕುಣಿಯನ್ನೇ ನೆನೆಯುತ್ತಾರೆ. ಹಾಗೆ ನೆನೆದರೆ ಅವರು ಮತ್ತೆ ಈ ಮಂದಿರದ ಹೊಸ್ತಿಲು ತುಳಿಯುವುದಿಲ್ಲ. ಹೆಗಲಿಗೆ ಹೆಗಲು ಹಚ್ಚಿ ನಿಂತ ಹತ್ತು ನಿಮಿಷ ಅದನ್ನು ತಡೆಯಲಾರದು ಎಂದು ಅವರಿಗೆ ಅನ್ನಿಸಿತ್ತು.

ಭಾನುವಾರ ಪಾದ್ರಿ ಬಾಡಿಗೆಯ ಟಾಂಗಾದಲ್ಲಿ ಬಂದರು. ಮೊದಲ ಗಂಟೆ ಬಾರಿಸಿ ಇಸಾಕಪ್ಪ ತಿಕೋಟಾದ ದಾರಿ ನೋಡಿದರು. ಚಕ್ಕಡಿ ಇಲ್ಲ. ಎರಡನೆಯ ಗಂಟೆಗೂ ಇಲ್ಲ. ಐದು ಮನೆಯವರು ಒಂದು ಬದಿಗೆ ಕೂತಿದ್ದರು. ಇನ್ನೊಂದು ಬದಿಯ ಚಾಪೆ ಖಾಲಿ. ಪಾದ್ರಿ ರೊಟ್ಟಿಯ ತಟ್ಟೆಯನ್ನು ಮೇಜಿನ ಮೇಲೆ ಇಟ್ಟು, "ಆರಂಭಿಸೋಣವೇ?" ಎಂದು ಕೇಳಿದರು. ಇಸಾಕಪ್ಪ ಮೂರನೆಯ ಸಲ ಗಂಟೆ ಬಾರಿಸಿದರು. ಹಾಗೆ ಮೂರು ಸಲ ಬಾರಿಸುವ ಪದ್ಧತಿ ಇರಲಿಲ್ಲ.

ಆಗ ಚಕ್ಕಡಿ ಬಂತು. ಎತ್ತುಗಳ ಬಾಯಲ್ಲಿ ನೊರೆ. ತುಕಾರಾಮ ಇಳಿದು ಬಾಗಿಲಿಗೆ ಬಂದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ.

"ಏನಾತ್ರಿ ಹಿರಿಯಾರ?"

"ಮುಂಜಾನೆಯಿಂದ ಬ್ಯಾನಿ ತಿನ್ನಾಕತ್ತಾಳ. ಕೂಸು ಅಡ್ಡ ಬಂದೈತಿ ಅಂತ ಸೂಲಗಿತ್ತಿ ಅಂತಾಳ."

"ಮತ್ತ ನೀವು ಯಾಕ ಬಂದ್ರಿ?"

"ಅಂಜಿ ಮನ್ಯಾಗ ಕುಂತ್ರ ಆ ಕುಣಿ ಖರೇ ಅಂತ ನಾನ ಒಪ್ಪಿಕೊಂಡಂಗ ಆಗೂದಿಲ್ಲೇನು? ಸರಿ, ದಾರಿ ಬಿಡು."

ಅವರು ಒಳಗೆ ಹೋಗಿ ಖಾಲಿ ಚಾಪೆಯ ಮೇಲೆ ಕೂಡಲಿಲ್ಲ. ಬಬಲೇಶ್ವರದವರ ನಡುವೆ ಜಾಗ ಮಾಡಿಸಿಕೊಂಡು ಕೂತರು; ತಿಕೋಟಾದ ಉಳಿದವರೂ ಹಾಗೆಯೇ ಅಲ್ಲಲ್ಲಿ ಸೇರಿಕೊಂಡರು. ರೊಟ್ಟಿಯ ತಟ್ಟೆ ಅವರಿಂದ ಗೌರಾಬಾಯಿಗೆ ಹೋಯಿತು. ಪಾದ್ರಿ ತನ್ನ ಪುಸ್ತಕದ ಅಂಚಿನಲ್ಲಿ ಅದನ್ನು ಬರೆದಿದ್ದಾರೆ, ಕಾರಣ ಬರೆದಿಲ್ಲ.

ಪ್ರಾರ್ಥನೆ ಮುಗಿದ ತಕ್ಷಣ ತುಕಾರಾಮ ಚಕ್ಕಡಿಯ ಕಡೆ ಓಡಿದರು. ನೊಗ ಹಿಡಿದು ಹಿಂತಿರುಗಿ ನೋಡಿದರು. ಗೌರಾಬಾಯಿ ಊರಿನಲ್ಲಿ ಅಡ್ಡ ಬಂದ ಎಷ್ಟೋ ಕೂಸುಗಳನ್ನು ತಿರುಗಿಸಿ ಬದುಕಿಸಿದ ಕೈಯವರು. ಆದರೆ ಗಂಡ ಸತ್ತು ನಾಲ್ಕನೆಯ ದಿನ. ಅಂಥ ಹೆಂಗಸನ್ನು ಹೆರಿಗೆಯ ಕೋಣೆಯ ಹತ್ತಿರ ಬಿಡುವವರು ಆ ಭಾಗದಲ್ಲಿ ಯಾವ ಮತದಲ್ಲೂ ಇರಲಿಲ್ಲ. ಗೌರಾಬಾಯಿ ತಾನಾಗಿ ಬರುತ್ತೇನೆ ಎನ್ನಲಾರರು. ಮಂದಿರದ ನೆರಳಿನಲ್ಲಿ ತಲೆ ತಗ್ಗಿಸಿ ನಿಂತಿದ್ದರು.

"ಹತ್ರಿ ವೈನಿ," ಎಂದರು ತುಕಾರಾಮ.

"ನನ್ನ ಕಾಲಗುಣ..."

"ಹತ್ರಿ ಅಂದೆ. ಅಂಜಿಕಿ ಒಂದ ಸಲ ಬಿಟ್ರ ಮುಗೀತೇನ್ರಿ, ದಿನಾ ಬಿಡಬೇಕು. ಹತ್ರಿ ಲಗೂನ."

ಗೌರಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದರು. ಇಸಾಕಪ್ಪ ಹಿಂದಿನಿಂದ ಚಕ್ಕಡಿಯ ಗಾಲಿಗೆ ಭುಜ ಕೊಟ್ಟು ಏರು ದಾಟಿಸಿದರು, ಮತ್ತೆ ಊರಿನ ಕಡೆಗೆ ತಿರುಗಲಿಲ್ಲ. ಚಕ್ಕಡಿಯ ಹಿಂದೆ ನಡೆಯುತ್ತ ತಿಕೋಟಾದವರೆಗೂ ಹೋದರು. ಆ ಬಿಸಿಲಿನಲ್ಲಿ, ಬರಿಗಾಲಿನಲ್ಲಿ. ಇಳಿಹೊತ್ತಿಗೆ ತುಕಾರಾಮರ ಅಂಗಳ ಮುಟ್ಟಿದಾಗ ಒಳಗಿನಿಂದ ಇನ್ನೂ ನರಳಿಕೆ ಕೇಳುತ್ತಿತ್ತು. ಚಕ್ಕಡಿಯಲ್ಲಿ ಮೊದಲೇ ಬಂದಿದ್ದ ಗೌರಾಬಾಯಿ ಒಳಗಿದ್ದರು. ತುಕಾರಾಮ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಇಸಾಕಪ್ಪನವರನ್ನು ಕಂಡು ಅವರು ಸ್ವಲ್ಪ ಸರಿದು ಜಾಗ ಕೊಟ್ಟರು. ಇಬ್ಬರೂ ಬಾಗಿಲ ಕಡೆ ಮುಖ ಮಾಡಿ ಕೂತರು.